ಪಣಜಿ ಬಾಯಾರು ಮತ್ತು ನಮ್ಮ ಮನೆಯ ತಲಬಾಗಿಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವರ ಕೊಡೆ ನನಗೆ ಒಮ್ಮೆ ಕಪ್ಪಾಗಿ ನೆನಪಾಗುತ್ತದೆ, ಇನ್ನೊಮ್ಮೆ ಕಂದು ಬಣ್ಣದ್ದಾಗಿ. ನಮ್ಮ ಮಾಳಿಗೆಯ ಖೋಲಿಯಲ್ಲಿ ಅವರು ಎರಡು ವರ್ಷ ಬಾಡಿಗೆಗಿದ್ದರೆಂದು ನಾನು ಹೇಳಿದರೆ, ಅವ್ವ "ಎಲ್ಲೀ ಎರಡ ವರ್ಷ? ಎರಡನೇ ಬ್ಯಾಸಗಿ ಕಾಣಲಿಲ್ಲ ಅವರು" ಅನ್ನುತ್ತಾಳೆ. ಯುಗಾದಿಯ ಆ ಮುಂಜಾನೆ ನಾನು ಕಟ್ಟೆಯ ಮೇಲೆ ನಿಂತಿದ್ದೆನೆಂದು ನಂಬಿಕೊಂಡು ಬಂದಿದ್ದೇನೆ. ಆದರೆ ಕೇಳಿದ್ದನ್ನು ಕಂಡದ್ದೆಂದು ಮಾಡಿಕೊಳ್ಳುವ ಚಾಳಿ ಎಲ್ಲರಿಗೂ ಇರುವಂತೆ ನನಗೂ ಇದೆ. ತಪ್ಪಾಗಿರಲಾರದ್ದು ಒಂದೇ, ಅವರು ಕೇಳುತ್ತಿದ್ದ ಪ್ರಶ್ನೆ. ಅದನ್ನು ಅವರು ಎಲ್ಲದಕ್ಕೂ ಕೇಳುತ್ತಿದ್ದರು. ಬೀಸುವ ಕಲ್ಲಿಗೂ ಕೇಳಿದ್ದರು, ಹಾಡಿನ ಧಾಟಿಗೂ ಕೇಳಿದ್ದರು. "ಇದು ಎಲ್ಲಿಂದ ಕಳಚಿಕೊಂಡು ಬಂದದ್ದು?"

ಕಳೆದ ತಿಂಗಳು ರಬಕವಿಯಿಂದ ಶಾಲೆಯ ಗೆಳತಿ ಫೋನು ಮಾಡಿದಳು. "ಲೇ, ನಮ್ಮ ಪಣಜಿ ಬಾಯಾರು ಹೋದ್ರಂತ." ಅವರಿಗೆ ಎಪ್ಪತ್ತು ದಾಟಿತ್ತು, ಅನಿರೀಕ್ಷಿತವೇನಲ್ಲ. ಆದರೂ ಫೋನು ಇಟ್ಟ ಮೇಲೆ ನನಗೆ ಬಂದದ್ದು ದುಃಖವಲ್ಲ, ನಾಚಿಕೆ. ಯಾಕೆ ಎಂದು ಬರೆದು ನೋಡುತ್ತಿದ್ದೇನೆ.

ಜಮಖಂಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ನಮಗೆ ಇತಿಹಾಸ ಕಲಿಸುತ್ತಿದ್ದರು. ಹೆಸರೇನೋ ಇತ್ತು, ಹಾಜರಿ ಹೇಳುವಾಗ ಕೂಡ ಯಾರೂ ಬಳಸಲಿಲ್ಲ. ಹುಟ್ಟೂರು ಪಣಜಿ, ಆದ್ದರಿಂದ ಪಣಜಿ ಬಾಯಾರು. ಎತ್ತರದ ಹೆಂಗಸು, ಬಸ್ಸಿನಲ್ಲಿ ನಿಂತರೆ ಮೇಲಿನ ಸರಳು ಅವರ ಹಣೆಗೆ ಬರುತ್ತಿತ್ತು. ಧಾರವಾಡದಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು, ಆದರೆ ಅಚ್ಚಿನ ಕನ್ನಡ. "ರೇಡಿಯೋದಾಗ ವಾರ್ತಾ ಹೇಳಿದಾಂಗ ಮಾತಾಡ್ತಾರ ನೋಡ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಮಳೆ ಕಾಣದ ನಮ್ಮ ಊರಿನಲ್ಲಿ ವರ್ಷವಿಡೀ ಕೊಡೆ ಹಿಡಿಯುತ್ತಿದ್ದರು. ಯಾಕೆಂದು ಕೇಳಿದರೆ, "ಸಮುದ್ರದ ಪಕ್ಕ ಹುಟ್ಟಿದವರಿಗೆ ಆಕಾಶದ ಮೇಲೆ ನಂಬಿಕೆ ಕಡಿಮೆ" ಎನ್ನುತ್ತಿದ್ದರು.

ಖೋಲಿ ಕೇಳಲು ಬಂದ ದಿನ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕೇಳಿದ ಮೊದಲ ಮಾತು: "ಗೋವಾದವರು ಅಂತೀರಿ. ಮೀನಾ ತಿಂತೀರೇನ್ರಿ?"

"ತಿನ್ನುತ್ತೇನೆ. ಇಲ್ಲಿ ತಿನ್ನುವುದಿಲ್ಲ."

ಆಯಿಗೆ ಈ ಉತ್ತರ ಹಿಡಿಸಿತು. "ಸುಳ್ಳ ಹೇಳವರಾಗಿದ್ರ ಇಲ್ರಿ ಅಂತಿದ್ರು" ಎಂದು ಖೋಲಿ ಕೊಟ್ಟಳು. ಆಯಿ ನ್ಯಾಯವಂತಳಾಗಿದ್ದಳು ಎಂದು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲು ಕಷ್ಟವಾಗುತ್ತದೆ.

ಪಣಜಿಯ ಕತೆ ನಮ್ಮ ಪಠ್ಯದಲ್ಲಿ ಇರಲಿಲ್ಲ. ಪೋರ್ಚುಗೀಸರ ಪಾಠ ಇದ್ದದ್ದು ಒಂದೂವರೆ ಪುಟ. ಆದರೂ ಅವರು ಅದನ್ನು ವಾರಗಟ್ಟಲೆ ಎಳೆದರು. ಮಾಂಡೋವಿ ನದಿ ಸಮುದ್ರ ಸೇರುವ ಬಾಯಲ್ಲಿ ಮೊದಲು ಒಂದು ಪಟ್ಟಣವೂ ಇರಲಿಲ್ಲ, ಕೆಸರು, ತೆಂಗು, ಮೀನುಗಾರರ ಗುಡಿಸಲು. ಅಲ್ಲಿ ಒಂದು ಅರಮನೆ ಕಟ್ಟಿಸಿದವನು ವಿಜಾಪುರದ ಆದಿಲಶಾಹಿ ಸುಲ್ತಾನ. "ನಿಮ್ಮವನೇ," ಎಂದು ಅವರು ನಮ್ಮತ್ತ ಬೆರಳು ಮಾಡುತ್ತಿದ್ದರು. ಆಮೇಲೆ ಹಡಗಿನಲ್ಲಿ ಬಂದ ಪರಂಗಿಗಳು ಅವನಿಂದ ಕಸಿದುಕೊಂಡರು. ಅವರು ರಾಜಧಾನಿ ಮಾಡಿಕೊಂಡದ್ದು ಅಲ್ಲಿ ಅಲ್ಲ, ನದಿಯ ಮೇಲ್ಗಡೆ ಇನ್ನೊಂದು ಊರಿನಲ್ಲಿ. ಚರ್ಚುಗಳು, ಮಠಗಳು, ಸಂತೆಯಲ್ಲಿ ಹತ್ತು ದೇಶದ ಭಾಷೆ. ನಂತರ ಆ ಊರಿಗೆ ಜ್ವರ ಬಂತು, ವಾಂತಿಭೇದಿ ಬಂತು. ಬಾವಿಯ ನೀರೇ ವಿಷ ಎಂದರು. ವೈಸರಾಯ್ ಮೊದಲು ಗಂಟು ಕಟ್ಟಿದ. ಹರಿವಿನ ಜೊತೆ ಕೆಳಗಿಳಿದು ಬಂದು, ಅದೇ ಆದಿಲಶಾಹಿ ಅರಮನೆಯಲ್ಲಿ ಕೂತ. ಕೆಸರು ತುಂಬಿಸಿದರು, ದಿನ್ನೆ ತಗ್ಗಿಸಿದರು, ಬೀದಿ ಎಳೆದರು. ಹಡಗುಕಟ್ಟೆಯ ಸಣ್ಣ ಊರು ರಾಜಧಾನಿಯಾಯಿತು.

ಇಲ್ಲಿ ಅವರು ನಿಲ್ಲುತ್ತಿದ್ದರು. ಸೀಮೆಸುಣ್ಣವನ್ನು ಹಲಗೆಯ ಮೇಲೆ ಎರಡು ಸಲ ಕುಟ್ಟಿ ಕೇಳುತ್ತಿದ್ದರು: "ಹೊಸ ರಾಜಧಾನಿಗೆ ಕಲ್ಲು ಎಲ್ಲಿಂದ ಬಂತು?"

ಹಳೆಯದರಿಂದ. ಪಾಳುಬಿದ್ದ ಮಠಗಳ ಕಂಬ, ಕಿಟಕಿ, ಮೆಟ್ಟಿಲು ಕಳಚಿ ದೋಣಿಗೆ ಹೇರಿ ತಂದರು. "ನಮ್ಮ ಮನೆಯ ಪಡಸಾಲೆಯಲ್ಲೂ ಒಂದು ಕಂಬವಿದೆ. ನನ್ನ ಮುತ್ತಜ್ಜ ಕದ್ದದ್ದು," ಎಂದು ಅವರು ನಗುತ್ತ ಹೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತನ್ನ ಮನೆಯವರನ್ನು ಕಳ್ಳರು ಎಂದು ಇಷ್ಟು ಹಗುರಾಗಿ ಹೇಳುವವರನ್ನು ನಾವು ಕಂಡಿರಲಿಲ್ಲ. ಅವರಿಗೆ ಅದು ಬೈಗುಳವಾಗಿರಲಿಲ್ಲ, ಇತಿಹಾಸವಾಗಿತ್ತು. ಊರು ಅಂದಮೇಲೆ ಇನ್ನೊಂದು ಊರಿನ ಕಲ್ಲು ಇದ್ದೇ ಇರುತ್ತದೆ, ಅದನ್ನು ಮರೆಯಬಾರದು, ಅಷ್ಟೆ ಎನ್ನುತ್ತಿದ್ದರು.

ಒಂದು ರವಿವಾರ ನಮ್ಮನ್ನು ಟೆಂಪೋದಲ್ಲಿ ಗಲಗಲಿಗೆ ಕರೆದುಕೊಂಡು ಹೋದರು. ಪಾಪ, ಅವರಿಗೆ ಪಣಜಿಗೇ ಕರೆದೊಯ್ಯುವ ಆಸೆಯಿತ್ತು. ಗೋವಾ ಅಂದಕೂಡಲೇ ಪಾಲಕರು ಬೆಚ್ಚಿದ್ದರಿಂದ ಕೃಷ್ಣೆಯ ದಂಡೆಗೆ ತೃಪ್ತಿಪಟ್ಟರು. "ಹೊಳೆಯಿದೆ, ಹಡಗಿಲ್ಲ. ನಡೆಯುತ್ತದೆ," ಎಂದರು. ಉಸುಕಿನಲ್ಲಿ ಕೊಡೆಯ ತುದಿಯಿಂದ ಮಾಂಡೋವಿ ಎಳೆದರು. ಅರ್ಧ ಹುಡುಗಿಯರಿಗೆ ಮೇಲ್ಗಡೆ ಕಲ್ಲು ಆಯ್ದು ಊರು ಕಟ್ಟಲು ಹೇಳಿದರು. ನಾವು ಮೈಮರೆತು ಕಟ್ಟಿದೆವು, ಗೋಪುರ ಮಾಡಿದೆವು. ಆಮೇಲೆ ಅವರು ಉಳಿದರ್ಧಕ್ಕೆ, "ಈಗ ರಾಜಧಾನಿ ಇಲ್ಲಿ ಕೆಳಗೆ. ಕಟ್ಟಿ" ಎಂದರು. ದಂಡೆಯ ಮೇಲಿನ ಒಳ್ಳೆಯ ಕಲ್ಲೆಲ್ಲ ನಾವು ಮುಗಿಸಿದ್ದೆವು. ಕೆಳಗಿನ ಹುಡುಗಿಯರು ಬಂದು ನಮ್ಮ ಗೋಪುರಕ್ಕೇ ಕೈ ಹಾಕಿದರು.

"ಏ, ನಮ್ಮ ಕಲ್ಲ ಬಿಡ ಬೇ!"

"ಬಾಯಾರ ಹೇಳ್ಯಾರ. ರಾಜಧಾನಿ ಈಗ ನಮ್ಮದೈತಿ."

"ಕದ್ದ ಕಲ್ಲಿಂದು ಎಂಥಾ ರಾಜಧಾನಿ ಅದು? ತುಡುಗ ರಾಜಧಾನಿ!"

"ನೀವರೆ ಎಲ್ಲಿಂದ ತಂದೀರಿ? ಹೊಳಿ ನಿಮ್ಮಪ್ಪಂದೇನ?"

ಒಬ್ಬಳ ಜಡೆ ಇನ್ನೊಬ್ಬಳ ಕೈಗೆ ಬಂತು. ಬಾಯಾರು ಕೊಡೆಯ ಕೆಳಗೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. "ಸಾಕು, ಇಷ್ಟೇ ಪಾಠ," ಎಂದರು. ಮುಂದೆ ನಾನು ಧಾರವಾಡಕ್ಕೆ ಹೋಗಿ ಇತಿಹಾಸದಲ್ಲೇ ಎಂ.ಎ. ಮಾಡಿದೆ. ಅಲ್ಲಿ ಎಷ್ಟೋ ಕೇಳಿದೆ. ಆ ಉಸುಕಿನ ಪಾಠದಷ್ಟು ಮತ್ತಾವುದೂ ತಲೆಯಲ್ಲಿ ಕೂತಿಲ್ಲ.

ಇನ್ನು ಬಾಗಿಲಿನ ಮಾತು.

ನಮ್ಮದು ಸಾಧಾರಣ ಮನೆ, ಬಾಗಿಲು ಮಾತ್ರ ಅರಮನೆಯದು. ಕರೀ ಸಾಗವಾನಿ, ಒಂದೊಂದು ಕದದ ಮೇಲೂ ಬಳ್ಳಿ, ಹಕ್ಕಿ, ಕಮಲದ ಸಾಲು. ಮನೆಯ ಎತ್ತರ ಸಾಲದೆ ಕೆಳಗಡೆ ಕೊಯ್ದಿದ್ದರಿಂದ ಕೊನೆಯ ಸಾಲಿನ ಕಮಲಗಳು ಅರ್ಧಕ್ಕೇ ನಿಂತಿದ್ದವು. ಸಂಸ್ಥಾನದ ಅರಸರು ಮೆಚ್ಚಿ ನಮ್ಮ ಮುತ್ಯಾನಿಗೆ, ಆಯಿಯ ಗಂಡನಿಗೆ, ಕೊಟ್ಟ ಬಾಗಿಲು ಎಂದು ನಾವೆಲ್ಲ ಕೇಳಿ ಬೆಳೆದೆವು. ಜಮಖಂಡಿಯಲ್ಲಿ ಈ ಮಾತಿಗೆ ತೂಕವಿದೆ. ನಮ್ಮೂರು ಒಂದು ಕಾಲಕ್ಕೆ ತಾನೇ ರಾಜಧಾನಿಯಾಗಿತ್ತು. ಈಗ ತಾಲೂಕು. ರಾಜಧಾನಿಯ ಗತ್ತನ್ನು ಮಾತ್ರ ಊರು ಬಿಟ್ಟುಕೊಟ್ಟಿಲ್ಲ. ನನ್ನ ಮದುವೆಯ ಫೋಟೋ ಆ ಬಾಗಿಲ ಮುಂದೆಯೇ ತೆಗೆದದ್ದು. ಧಾರವಾಡದ ಹಾಸ್ಟೆಲಿನಲ್ಲಿ ಅರಸರು ಕೊಟ್ಟ ಬಾಗಿಲಿನ ಕತೆಯನ್ನು ನಾನು ಎಷ್ಟು ಸಲ ಹೇಳಿದೆನೋ.

ಆ ಬಾಗಿಲಿಗೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ತೋರಣ ಕಟ್ಟುವವರೆಗೆ ಹಳೆಯದನ್ನು ಇಳಿಸಬಾರದು. ಹಬ್ಬಕ್ಕೆ ಕಾಕಾ, ಅಪ್ಪನ ತಮ್ಮ, ಸ್ಟೂಲು ಹತ್ತಿ ಒಣಗಿದ ತೋರಣದ ಮೇಲೆ ಹಸಿಯದನ್ನು ಬಿಗಿಯುತ್ತಿದ್ದ. ಆಮೇಲೆ ಒಳಗೆ ಕೈಹಾಕಿ ಹಳೆಯದರ ದಾರ ಹರಿಯುತ್ತಿದ್ದ. ಆಯಿ ಕೆಳಗೆ ನಿಂತು ನೋಡುತ್ತಿದ್ದಳು. "ತಲಬಾಗಲಾ ಒಂದ ಕ್ಷಣಾನೂ ಬರೇ ಇರಬಾರದು." ಬೇರೆ ಮನೆಗಳಲ್ಲಿ ಹೀಗಿರಲಿಲ್ಲ. ಅದಕ್ಕೇ ಅದು ನಮ್ಮ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ಆ ವರ್ಷ ಯುಗಾದಿಯ ಮುಂಜಾನೆ ಅಪ್ಪ, ಕಾಕಾ ಇಬ್ಬರೂ ಹೊಲಕ್ಕೆ ಹೋಗಿದ್ದರು. ಆಯಿ ಒಳಗೆ ಪೂಜೆಗೆ ಕೂತಿದ್ದಳು. ಅವ್ವ ಮುಧೋಳದಿಂದ ಬಂದ ಸೊಸೆ, ಗಡಿಬಿಡಿಯಲ್ಲಿದ್ದಳು. ಮಾಳಿಗೆಯಿಂದ ಇಳಿಯುತ್ತಿದ್ದ ಬಾಯಾರನ್ನು ಕಂಡು, "ಬಾಯಾರ, ನೀವು ಉದ್ದ ಅದೀರಿ, ತೋರಣಾ ಒಂದೀಟು ಕಟ್ಟಿ ಕೊಡ್ರಿ" ಎಂದಳು, ಪದ್ಧತಿ ಹೇಳುವುದನ್ನು ಮರೆತಳು. ಬಾಯಾರಿಗೆ ಸಂಭ್ರಮ. ಒಂದು ಮನೆಯ ಹಬ್ಬದಲ್ಲಿ ಕೈ ಹಾಕಲು ಅವರನ್ನು ಕರೆದದ್ದು ಅದೇ ಮೊದಲಿರಬೇಕು. ಸ್ಟೂಲೂ ಬೇಕಾಗಲಿಲ್ಲ. ಯಾರಾದರೂ ಮಾಡುವಂತೆ, ಮೊದಲು ಹಳೆಯ ತೋರಣ ಬಿಚ್ಚಿ ಕಟ್ಟೆಯ ಮೇಲಿಟ್ಟರು.

ಬಾಗಿಲ ಮೇಲಿನ ತೊಲೆಯ ನಡುವೆ ಗೇಣಗಲದ ಒಂದು ಪಟ್ಟಿ. ಅಲ್ಲಿ ಕೆತ್ತನೆ ಇರಲಿಲ್ಲ. ಇದ್ದದ್ದನ್ನು ಉಳಿಯಿಂದ ಕೆರೆದು ಹಾಕಿದ್ದರು. ಒಡ್ಡೊಡ್ಡಾಗಿ, ಅವಸರದಲ್ಲಿ. ಒಂದೆರಡು ಕಡೆ ಉಳಿ ಆಳಕ್ಕೆ ಇಳಿದಿತ್ತು. ಬಾಯಾರು ಅದರ ಮೇಲೆ ಬೆರಳಾಡಿಸಿದರು, ಹುಣ್ಣು ಮುಟ್ಟಿ ನೋಡುವ ಹಾಗೆ. ಅಷ್ಟರಲ್ಲಿ ಆಯಿ ಹೊರಗೆ ಬಂದಿದ್ದಳು.

"ಇಲ್ಲಿ ಒಂದು ಹೆಸರಿತ್ತಲ್ಲವೇ ಅಮ್ಮ?" ಎಂದರು ಬಾಯಾರು, ಖುಷಿಯಿಂದ. "ಇದು ಎಲ್ಲಿಂದ ಕಳಚಿಕೊಂಡು ಬಂದದ್ದು?"

ಆಯಿ ಕಟ್ಟೆಯ ಮೇಲಿದ್ದ ಹಳೆಯ ತೋರಣವನ್ನು ಎತ್ತಿಕೊಂಡಳು.

"ನಮ್ಮ ಮನೆಯ ಕಂಬವೂ ಹೀಗೆಯೇ ಬಂದದ್ದು. ಅದರ ಮೇಲೆ ಒಂದು ಶಿಲುಬೆಯಿತ್ತಂತೆ, ನಮ್ಮ ಮುತ್ತಜ್ಜ..."

"ಅದು ನಿಮ್ಮೂರಾಗ ಇರಬಹುದ್ರಿ ಬಾಯಾರ," ಎಂದಳು ಆಯಿ. ದನಿ ಏರಿಸಲಿಲ್ಲ. "ನಮ್ಮೂರು ಸಂಸ್ಥಾನದ್ದೈತಿ. ಕೊಟ್ಟದ್ದನ್ನ ತೊಗೊಂಡ ಮಂದಿ ನಾವು. ಮೊದಲ ತೋರಣಾ ಕಟ್ರಿ."

ಬಾಯಾರು ಕಟ್ಟಿದರು. ಎಷ್ಟು ಬೇಗ ಕಟ್ಟಿದರೆಂದರೆ ಅದು ಒಂದು ಕಡೆ ಜೋತುಬಿತ್ತು. ಬೇವುಬೆಲ್ಲ ತಿಂದು ಮೇಲೆ ಹೋದರು. ಆ ಹಬ್ಬದ ದಿನವೆಲ್ಲ ಆಯಿ ಅವ್ವನ ಜೊತೆ ಮಾತಾಡಲಿಲ್ಲ.

ತಿಂಗಳೊಳಗೆ ಮಾಳಿಗೆಯ ಖೋಲಿ ನಮಗೇ ಬೇಕಾಯಿತು. ಕಾಕಾ ಹೋಗಿ ಹೇಳಿ ಬಂದ: "ಕಾಳಿನ ಚೀಲಾ ಇಡಾಕ ಜಾಗಾ ಇಲ್ರಿ ಬಾಯಾರ, ಖೋಲಿ ಬೇಕಾಗೇತ್ರಿ." ಬಾಯಾರು ಯಾಕೆಂದು ಕೇಳಲಿಲ್ಲ. ಎಲ್ಲದಕ್ಕೂ ಪ್ರಶ್ನೆಯಿದ್ದ ಹೆಂಗಸು ಇದೊಂದಕ್ಕೆ ಕೇಳಲಿಲ್ಲ. ಅಷ್ಟರಲ್ಲಿ "ಮಾಳಿಗಿ ಮ್ಯಾಲ ಮೀನಾ ಹುರೀತಿದ್ರಂತ" ಎಂಬ ಮಾತು ಓಣಿಯಲ್ಲಿ ಓಡಾಡಿತು. ಯಾರ ಬಾಯಿಂದ ಹೊರಟಿತೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಅದನ್ನು ಅಲ್ಲಗಳೆಯಲಿಲ್ಲ ಎಂಬುದು ಗೊತ್ತು. ಜಮಖಂಡಿಯಲ್ಲಿ ಆಮೇಲೆ ಅವರಿಗೆ ಖೋಲಿ ಸಿಗಲಿಲ್ಲ. ಬನಹಟ್ಟಿಯಲ್ಲಿ ಮಗ್ಗದ ಓಣಿಯೊಂದರಲ್ಲಿ ಸಿಕ್ಕಿತು. ನಿವೃತ್ತರಾಗುವವರೆಗೂ ಅಲ್ಲಿಂದಲೇ ಬಸ್ಸಿಗೆ ಬಂದು ಹೋದರು.

ಖೋಲಿಯಲ್ಲಿ ಕಾಳಿನ ಚೀಲ ಇಟ್ಟದ್ದು ನನಗೆ ನೆನಪಿಲ್ಲ. ಖಾಲಿಯಾಗಿ ಇತ್ತೆಂದು ನೆನಪು. ಇಲ್ಲಿಯೂ ನಾನು ತಪ್ಪಿರಬಹುದು. ತಪ್ಪಿದ್ದರೆ ಒಳ್ಳೆಯದಿತ್ತು.

ಒಂದು ದಿನ ವರ್ಗದಲ್ಲಿ ರಬಕವಿಯ ಈ ಗೆಳತಿಯೇ ಎದ್ದುನಿಂತು, ನನ್ನ ಕಡೆ ನೋಡುತ್ತ ಕೇಳಿದಳು. "ಬಾಯಾರ, ಇವರ ಮನಿ ಯಾಕ ಬಿಟ್ರೀ?"

"ರಾಜಧಾನಿ ಸ್ಥಳಾಂತರವಾಯಿತು," ಎಂದರು ಬಾಯಾರು. ವರ್ಗವೆಲ್ಲ ನಕ್ಕಿತು. ಅವರೂ ನಕ್ಕರು. ನಾನು ಬೆಂಚಿನ ಮೇಲಿನ ಮಸಿಯ ಕಲೆ ನೋಡುತ್ತಿದ್ದೆ. ಅದಾದ ಮೇಲೆ ಅವರು ವರ್ಗದಲ್ಲಿ ಆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಕೇಳುವುದನ್ನು ಅವರು ಬಿಟ್ಟರೋ, ಕೇಳಿಸಿಕೊಳ್ಳುವುದನ್ನು ನಾನು ಬಿಟ್ಟೆನೋ, ಹೇಳಲಾರೆ.

ನಮ್ಮ ಹಿಂದಿನ ಓಣಿಯಲ್ಲಿ ಒಂದು ಬಯಲಿತ್ತು. ಬಯಲಿನ ನಡುವೆ ಕಪ್ಪು ಕಲ್ಲಿನ ಅಗಲವಾದ ಮೆಟ್ಟಿಲು. ಏರಿದರೆ ಏನೂ ಇಲ್ಲ, ಜಾಲಿ ಕಂಟಿ. ಸಂಸ್ಥಾನ ಹೋದ ಕಾಲಕ್ಕೆ ಕಚೇರಿಯಲ್ಲಿದ್ದ ಕೆಲವು ಮನೆತನಗಳು ಊರು ಬಿಟ್ಟವು, ಅದು ಅಂಥವರೊಬ್ಬರ ವಾಡೆ ಇದ್ದ ಜಾಗ ಎಂದು ಹೇಳುತ್ತಿದ್ದರು. ತಾವಾಗಿ ಕೀಲಿ ಹಾಕಿಕೊಂಡು ಹೋದರೋ, ಕೀಲಿ ಹಾಕಲೂ ಬಿಡದೆ ಕಳಿಸಿದರೋ, ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಓಣಿಯ ಮಕ್ಕಳೆಲ್ಲ ಆ ಮೆಟ್ಟಿಲ ಮೇಲೆ ಆಡುತ್ತಿದ್ದರು. ಆಯಿ ನಮ್ಮನ್ನು ಮಾತ್ರ ಬಿಡುತ್ತಿರಲಿಲ್ಲ. "ಹಾವು ಅದಾವ" ಎನ್ನುತ್ತಿದ್ದಳು. ಉಳಿದ ಮಕ್ಕಳಿಗೆ ಕಚ್ಚದ ಹಾವು ನಮಗೇ ಯಾಕೆ ಕಚ್ಚುತ್ತದೆ ಎಂದು ನಾನು ಆಗ ಯೋಚಿಸಲಿಲ್ಲ. ಆ ಮೆಟ್ಟಿಲಿಗೂ ನಮ್ಮ ಬಾಗಿಲಿಗೂ ಸಂಬಂಧವಿದೆ ಎಂಬುದಕ್ಕೆ ಈಗಲೂ ನನ್ನ ಹತ್ತಿರ ಆಧಾರವಿಲ್ಲ. ಪ್ರತಿ ಸಾಲಿಗೂ ಆಧಾರ ಕೇಳುವುದನ್ನು ಕಲಿತು ಪದವಿ ತಂದವಳು ನಾನು. ಮನೆಯ ಬಾಗಿಲಿಗೆ ಕೇಳದೇ ಮೂವತ್ತು ವರ್ಷ ಅದರಡಿ ಓಡಾಡಿದೆ.

ಬಾಯಾರನ್ನು ನಾನು ಕೊನೆಯ ಸಲ ಕಂಡದ್ದು ಲೋಕಾಪುರದ ಬಸ್ ನಿಲ್ದಾಣದಲ್ಲಿ, ಹದಿನೈದು ವರ್ಷದ ಹಿಂದೆ ಇರಬಹುದು. ನಿವೃತ್ತಿಯಾಗಿ ಪಣಜಿಗೆ ಮರಳಿದ್ದರು, ಪಿಂಚಣಿಯ ಯಾವುದೋ ಕೆಲಸಕ್ಕೆ ಬಂದು ಹೋಗುತ್ತಿದ್ದರು. ಕೊಡೆ ಇತ್ತು, ಬೆನ್ನು ಬಾಗಿತ್ತು. ನನ್ನನ್ನು ಕಂಡಕೂಡಲೇ ಗುರುತು ಹಿಡಿದರು.

"ಬಾಗಿಲು ಹೇಗಿದೆ?" ಎಂದು ಕೇಳಿದರು. ಆಯಿ ಹೇಗಿದ್ದಾರೆ ಎನ್ನುವ ಮೊದಲೇ.

"ಛಲೋ ಐತ್ರಿ ಬಾಯಾರ."

"ನಮ್ಮ ಕಂಬ ಹೋಯಿತು. ತಮ್ಮ ಮನೆ ಮಾರಿದ. ಕೊಂಡವರು ಹೋಟೆಲು ಮಾಡಿದ್ದಾರೆ. ಕಂಬದ ಪಕ್ಕ ಒಂದು ಫಲಕ ಹಾಕಿದ್ದಾರೆ, ನನ್ನ ಮುತ್ತಜ್ಜ ಶಿಲ್ಪಿಗಳನ್ನು ಕರೆಸಿ ಕೆತ್ತಿಸಿದ್ದಂತೆ! ಹೋಗಿ ಹೇಳಿದೆ, ಅಯ್ಯಾ, ಕದ್ದದ್ದು ಎಂದು ಬರೆಸು, ಅದೇ ಹೆಚ್ಚು ಚೆಂದದ ಕತೆ ಎಂದೆ. ಆತ ನನಗೆ ಚಹಾ ಕುಡಿಸಿ ಕಳಿಸಿದ."

ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿ, "ನಿಮ್ಮ ಅಜ್ಜಿಯನ್ನು ನೋಯಿಸಬೇಕೆಂದು ಕೇಳಿದ್ದಲ್ಲ," ಎಂದರು. "ನಮ್ಮಂಥದೇ ಮನೆ ಎಂದುಕೊಂಡೆ." ನಾನು ಏನಾದರೂ ಹೇಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಅವನು ಊದದಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ.

ಅವರು ತೀರಿದ ಸುದ್ದಿ ಬಂದ ವಾರವೇ ಕಾಕಾ ಫೋನು ಮಾಡಿದ. ಆಯಿ ಇಲ್ಲ, ಅಪ್ಪ ಇಲ್ಲ, ಊರ ಮನೆಯನ್ನು ನೋಡಿಕೊಳ್ಳುವವನು ಅವನೇ. ದನಿಯಲ್ಲಿ ಹುರುಪು.

"ಯವ್ವಾ, ಮುಂದಿನ ಗ್ವಾಡಿ ತಗದು ಎರಡು ಅಂಗಡಿ ಕಟ್ಟಸಾಕತ್ತೇನಿ. ಬಾಗಲಾ ತೊಗೊಳ್ಳಾಕ ಮಂದಿ ಬಂದಿದ್ರು. ಎಲ್ಲಿಯವರು ಹೇಳ ನೋಡೂಣು? ಪಣಜಿಯವರು! ಹೋಟೆಲಿಗೆ ಹಚ್ಚತಾರಂತ. ನಮ್ಮ ಬಾಗಲಾ ನೋಡಿ ಹುಚ್ಚರಾಂಗ ಆಗ್ಯಾರ."

ಕಾಕಾ ಮುಂದುವರಿಸಿದ.

"ಆದರ ಅವರಿಗೆ ಅದರ ಇತಿಹಾಸ ಬೇಕಂತ. ಬಾಜೂಕ ಫಲಕಾ ಹಾಕತಾರಂತ. ಒಂದು ಹಾಳಿ ಬರದು ಕೊಡು. ಅರಸರು, ಸಂಸ್ಥಾನ, ಇನಾಮು... ನಿನಗ ನಾ ಏನ ಹೇಳಲಿ, ಇತಿಹಾಸ ಓದಿದಾಕಿ ನೀನು. ಸುಮ್ಮ ಓದಿಸಿದ್ದೇನ ನಿನ್ನ?" ಎಂದು ನಕ್ಕ. ನನ್ನ ಹಾಸ್ಟೆಲಿನ ಖರ್ಚು ನೋಡಿಕೊಂಡವನು ಅವನೇ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಅದೇ ಬಾಗಿಲ ಹಕ್ಕಿಗಳನ್ನು ಮುಟ್ಟಿಸುತ್ತಿದ್ದ.

"ಅವರಿಗೆ ತೋರಣಾ ತಗದು ತೋರಿಸಿದಿ ಏನು?" ಎಂದೆ.

"ತೋರಣಾ ಯಾಕ ತಗೀಬೇಕು?"

ಪಣಜಿಗೆ ಹೋಗುವ ಬಾಗಿಲಿಗೆ ಒಂದು ಹಾಳೆ ಬರೆಯಬೇಕಾದವಳು ನಾನು. ಕಲಿಸಿದವರು ಅದೇ ಪಣಜಿಯ ಮಣ್ಣಿನಲ್ಲಿದ್ದಾರೆ. ಅಂಗಡಿಯ ಕೆಲಸ ಶುರುವಾಗಿದೆಯಂತೆ, ಗಾಡಿ ಬರುವ ದಿನ ಇನ್ನೂ ಗೊತ್ತಾಗಿಲ್ಲ. ಕಾಕಾ ಆಮೇಲೆ ಎರಡು ಸಲ ಫೋನು ಮಾಡಿದ, ಊಟದ ಮಾತಾಡಿದ, ಮೊಮ್ಮಗಳ ಮಾತಾಡಿದ. ಹಾಳೆಯ ಮಾತೆತ್ತಲಿಲ್ಲ, ನಾನು ಅಂದು ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಿಲ್ಲ. ಕೇಳಿದಾಗ ಅವನು ಫೋನು ಇಟ್ಟಿರಲಿಲ್ಲ, ಅದು ಖರೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಅವನ ಮುಂದೆ ಹಾದುಹೋಗುವುದು, ದೂರವಾಗುವುದು, ಆಮೇಲೆ ಅವನ ಉಸಿರು, ಎಲ್ಲ ನನಗೆ ಕೇಳಿಸುತ್ತಿತ್ತು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಆ ಕೆರದ ಜಾಗಾದಾಗ ಯಾರ ಹೆಸರಿತ್ತು?"